ಫುಟ್‌ಪಾತಿನ ದೊರೆಗಳಿಗೊಂದು ಬಿನ್ನಹ

ಮಹಾರಾಜರಾಜಶ್ರೀ ಎಲೆಕ್ಟ್ರಿಕ್ ಬೈಕ್ ಸಾಹೇಬರ ಸನ್ನಿಧಾನಕ್ಕೆ,

ಮಲ್ಲೇಶ್ವರದ ಪಾದಚಾರಿಯೊಬ್ಬ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಎಡಗಾಲಿನ ಹೆಬ್ಬೆರಳೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ.

ತಾವು ಹೊಗೆ ಉಗುಳುವುದಿಲ್ಲ, ಗುಡುಗುಡು ಎನ್ನುವುದಿಲ್ಲ. ಸಂಪಿಗೆ ರಸ್ತೆಯ ಗಾಳಿಯ ಮೇಲೆ ತಮಗಿರುವ ಕಾಳಜಿಗೆ ನಾನು ಚಿರಋಣಿ. ಮೊನ್ನೆ ಸಂಜೆ ಎಂಟನೇ ಕ್ರಾಸಿನಿಂದ ಎರಡು ಕಟ್ಟು ಮೆಂತ್ಯ ಸೊಪ್ಪು ಹಿಡಿದು ಫುಟ್‌ಪಾತಿನ ಮೇಲೆ ಬರುತ್ತಿದ್ದೆ. ತಾವು ಹಿಂದಿನಿಂದ ದಯಮಾಡಿಸಿದ್ದು ನನಗೆ ತಿಳಿದದ್ದು, ಮುಂದಿನ ಚಕ್ರ ನನ್ನ ಹವಾಯಿ ಚಪ್ಪಲಿ ಹತ್ತಿದಾಗ. ಸೊಪ್ಪು ಚೆಲ್ಲಾಪಿಲ್ಲಿ. ತಮ್ಮನ್ನೇರಿದ್ದ ಡೆಲಿವರಿ ಹುಡುಗ ಹ್ಯಾಂಡಲ್‌ಗೆ ಸಿಕ್ಕಿಸಿದ್ದ ಮೊಬೈಲಿನಿಂದ ಕಣ್ಣೆತ್ತಿ, “ಅಂಕಲ್, ಸ್ವಲ್ಪ ಸೈಡಲ್ಲಿ ನಡೀಬಾರ್ದಾ?” ಎಂದ. ಫುಟ್‌ಪಾತಿಗೂ ಒಂದು ಸೈಡು ಉಂಟೆಂಬ ಜ್ಞಾನ ಅರವತ್ತು ದಾಟಿದ ಮೇಲೆ ತಮ್ಮ ಕೃಪೆಯಿಂದ ಲಭಿಸಿತು. ಆ ಸೈಡಿನಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು, ಅದು ಬೇರೆ ಮಾತು.

ದೂರು ಕೊಡೋಣವೆಂದು ನಂಬರ್ ಪ್ಲೇಟ್ ಹುಡುಕಿದೆ. ಇರಲಿಲ್ಲ. ಪಕ್ಕದ ಮನೆಯ ವಕೀಲರು ತಿಳಿಹೇಳಿದರು: ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿದ್ದರೆ ತಾವು ಮೋಟಾರು ವಾಹನವೇ ಅಲ್ಲವಂತೆ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಅಪಚಾರವಾಯಿತು, ಕ್ಷಮಿಸಬೇಕು! ಗಾಡಿ ಗುದ್ದಿತೆಂದು ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದೆ. ಗಾಡಿಯಲ್ಲದ ಮೇಲೆ ತಾವೂ ನಮ್ಮಂತೆ ಪಾದಚಾರಿಗಳೇ. ಸೆಕೆಂಡಿಗೆ ಆರೇಳು ಮೀಟರ್ ನಡೆಯುತ್ತೀರಿ, ಅಷ್ಟೇ.

ನಮ್ಮ ಮನೆಯ ಮಿಕ್ಸಿ 750 ವಾಟಿನದು. ಅದಕ್ಕೂ ಲೈಸೆನ್ಸ್ ಇಲ್ಲ, ನಿಜ. ಆದರೆ ಅದು ಅರೆಯಲು ಹೊರಟರೆ ಮೂರು ಮನೆಗೆ ಕೇಳುತ್ತದೆ, ಅಡುಗೆಕಟ್ಟೆ ಬಿಟ್ಟು ಇಳಿಯುವುದೂ ಇಲ್ಲ.

ತಮ್ಮನ್ನು ತಡೆಯಲೆಂದು ಅಲ್ಲಲ್ಲಿ ಕಲ್ಲಿನ ಗೂಟಗಳನ್ನು ನೆಟ್ಟಿದ್ದಾರೆ. ಅವುಗಳ ಸಂದಿಯಲ್ಲಿ ತಾವು ನುಸುಳುವ ಲಾಲಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ಅದೇ ಸಂದಿಯಲ್ಲಿ ನಮ್ಮಮ್ಮನ ವ್ಹೀಲ್‌ಚೇರ್ ಸಿಕ್ಕಿಕೊಳ್ಳುತ್ತದೆ.

ಹುಡುಗನ ಮೇಲೆ ಕೋಪವಿಲ್ಲ. ಬೈದುಕೊಂಡೇ ಸೊಪ್ಪು ಆಯ್ದುಕೊಟ್ಟ, ಪಾಪ. ಅವನ ಬೆನ್ನಿನ ಚೀಲದಲ್ಲಿ ಹತ್ತು ನಿಮಿಷದ ಗಡುವಿತ್ತು. (ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ: ಆ ರಾತ್ರಿ ಹೆಬ್ಬೆರಳಿಗೆ ಮುಲಾಮು ತರಿಸಿದ್ದು ತಮ್ಮ ಬಳಗದವರಿಂದಲೇ. ಎಂಟು ನಿಮಿಷಕ್ಕೆ ಬಂತು. ಯಾವ ದಾರಿಯಲ್ಲಿ ಬಂತೆಂದು ನಾನು ಕೇಳಲಿಲ್ಲ.)

ಪಾದಕ್ಕೆ ಬಿದ್ದು ಬೇಡುವುದು ಇಷ್ಟೇ. ಫುಟ್‌ಪಾತ್ ಹತ್ತಲೇಬೇಕಾದಾಗ ಸವಾರ ಇಳಿದು ತಮ್ಮನ್ನು ತಳ್ಳಿಕೊಂಡು ಬರಲಿ. ಅದು ಮರ್ಯಾದೆಗೆ ಕಡಿಮೆ ಎನಿಸಿದರೆ ಕೊರಳಿಗೊಂದು ಗಂಟೆಯಾದರೂ ಕಟ್ಟಿಕೊಳ್ಳಿ. ಊರಿನಲ್ಲಿ ನಮ್ಮ ಎತ್ತುಗಳೂ ಕಟ್ಟಿಕೊಳ್ಳುತ್ತಿದ್ದವು, ಅವು ರಸ್ತೆಯಲ್ಲೇ ಹೋಗುತ್ತಿದ್ದರೂ.

ಇಂತಿ ತಮ್ಮ ವಿಧೇಯ,
ಮೋಟಾರಿಲ್ಲದ ಪಾದಚಾರಿ

ವಿ.ಸೂ.: ತಮಗೆ ನಂಬರೂ ಇಲ್ಲ, ವಿಳಾಸವೂ ಇಲ್ಲ. ಹಾಗಾಗಿ ಈ ಪತ್ರವನ್ನು ಆ ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.