ಹ್ಯಾಮ್ ರೇಡಿಯೋ ಪರವಾನಗಿ ವ್ಯಾಸಂಗದ ತಾತ್ವಿಕ ನೆಲೆಗಳು: ನಾಲ್ಕು ತಾಲೂಕುಗಳನ್ನು ಅನುಲಕ್ಷಿಸಿ

ಹವ್ಯಾಸಿ ರೇಡಿಯೋ ಪರವಾನಗಿಗಾಗಿ ಓದುವುದೆಂಬ ಕ್ರಿಯೆಯು ಬಹುಆಯಾಮೀ ಜ್ಞಾನಮೀಮಾಂಸಾತ್ಮಕ ಮುಖಾಮುಖಿಯಾಗಿದ್ದು, ಅದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಸಾಂಸ್ಕೃತಿಕ ಚೌಕಟ್ಟಿನೊಳಗೆ ಅನುಸಂಧಾನಕ್ಕೊಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದಿಶ್ಯವಾಗಿರುತ್ತದೆ.

ಊರಿನ ಹುಡುಗನೊಬ್ಬ ಪರೀಕ್ಷೆಗೆ ಓದುತ್ತಿದ್ದಾನೆ, ಅಷ್ಟೇ. ಆದರೆ ಹಾಗೆ ಬರೆದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

ಅಧ್ಯಯನದ ವ್ಯಾಪ್ತಿ: ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ ಲಿಂಬೆಗೆ ಹೆಸರುವಾಸಿ, ಬಾಗೇವಾಡಿ ಬಸವಣ್ಣನಿಗೆ. ಎರಡಕ್ಕೂ ರೇಡಿಯೋಗೂ ಸಂಬಂಧವಿಲ್ಲ. ಇಲ್ಲದ ಸಂಬಂಧವನ್ನು ಸ್ಥಾಪಿಸುವುದೇ ಸಂಶೋಧನೆಯ ಮೊದಲ ಕರ್ತವ್ಯವಾದ್ದರಿಂದ ಈ ತಾಲೂಕುಗಳು ಅತ್ಯಂತ ಅರ್ಹವಾಗಿವೆ.

ಪೂರ್ವಾಧ್ಯಯನ ಸಮೀಕ್ಷೆಗೆ ಬಂದರೆ, ವಿಜಯಪುರ ಜಿಲ್ಲೆಯ ಮೊಟ್ಟಮೊದಲ ರಿಪೀಟರ್ ಕೇಂದ್ರ 1656ರ ಸುಮಾರಿಗೇ ಕಾರ್ಯಾರಂಭ ಮಾಡಿತ್ತೆಂದು ನಿಸ್ಸಂಶಯವಾಗಿ ಹೇಳಬಹುದು. ಅದನ್ನು ಜನಸಾಮಾನ್ಯರು ಗೋಳಗುಮ್ಮಟ ಎನ್ನುತ್ತಾರೆ. ಹ್ಯಾಮ್‌ಗಳ ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಪ್ರಸಾರ ಮಾಡುತ್ತದೆ, ಒಂದೇ ಸಲ. ಗುಮ್ಮಟವೋ ಬಂದ ಫ್ರೀಕ್ವೆನ್ಸಿಯಲ್ಲೇ ಏಳು ಸಲ ಮರಳಿಸುತ್ತದೆ, ಅದೂ ಪರವಾನಗಿಯಿಲ್ಲದೆ. ಆದಿಲ್‌ಶಾಹಿ ಕಾಲದ ಈ ನಿಯಮೋಲ್ಲಂಘನೆಯನ್ನು ಯಾವ ಇತಿಹಾಸಕಾರನೂ ಪ್ರಶ್ನಿಸದಿರುವುದು ವಿಷಾದನೀಯ.

ಇನ್ನು ಮೋರ್ಸ್ ಸಂಕೇತದ ಛಂದೋಮೂಲ. ಚುಕ್ಕೆ ಲಘು, ಗೆರೆ ಗುರು. ಅಪಾಯದಲ್ಲಿರುವ ಹಡಗು ಕಳಿಸುವ ಎಸ್‌ಒಎಸ್ ಕರೆಯನ್ನು ಪ್ರಸ್ತಾರ ಹಾಕಿ ನೋಡಿದರೆ ಮೂರು ಲಘು, ಮೂರು ಗುರು, ಮೂರು ಲಘು. ಅಂದರೆ ನಗಣ, ಮಗಣ, ನಗಣ. 1906ರಲ್ಲಿ ಬರ್ಲಿನ್ ಸಮ್ಮೇಳನ ಈ ಕರೆಯನ್ನು ಒಪ್ಪಿಕೊಂಡಾಗ ಅಲ್ಲಿದ್ದವರಲ್ಲಿ ಒಬ್ಬರಾದರೂ ಕನ್ನಡ ಎಂ.ಎ. ಮಾಡಿದ್ದಿರಬೇಕು. ತೊಡಕು ಒಂದೇ. ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸ್ ಗೆರೆಗೆ ಮೂರು ಚುಕ್ಕೆಯ ಕಾಲ. ಹೆಚ್ಚುವರಿ ಮಾತ್ರೆ ಎಲ್ಲಿಂದ ಬಂತೆಂಬುದು ಪ್ರತ್ಯೇಕ ಪಿಎಚ್‌.ಡಿ.ಗೆ ವಸ್ತು. ಜನರಲ್ ದರ್ಜೆಯ ಪರವಾನಗಿ ಬೇಕಾದವನು ನಿಮಿಷಕ್ಕೆ 8 ಪದಗಳ ವೇಗದಲ್ಲಿ ಈ ಗಣಗಳನ್ನು ಕಳಿಸಬೇಕು, ಕೇಳಿ ಬರೆದುಕೊಳ್ಳಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಅದು ಬೇಕಿಲ್ಲ. ಮೋರ್ಸ್ ಬಂದೇ ತೀರಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆಯನ್ನು 2003ರಲ್ಲೇ ಜಿನೀವಾದಲ್ಲಿ ಸಡಿಲಿಸಿದ್ದಾರೆ. ಛಂದಸ್ಸು ಬಿಟ್ಟು ಕವಿಯಾಗಲು ಕನ್ನಡದಲ್ಲಿ ಅದಕ್ಕೂ ಮೊದಲೇ ಅವಕಾಶವಿತ್ತು.

ಅಭ್ಯರ್ಥಿಗಳನ್ನು ಈ ಪ್ರಬಂಧ ಐದು ವರ್ಗಗಳಾಗಿ ವಿಂಗಡಿಸುತ್ತದೆ. ಅ) ವಿಘಟನಾಪ್ರಧಾನ: ಮನೆಯ ರೇಡಿಯೋ ಬಿಚ್ಚಿ, ಮರಳಿ ಜೋಡಿಸುವಾಗ ನಾಲ್ಕು ಸ್ಕ್ರೂ ಉಳಿಸಿಕೊಂಡವನು. ಆ) ಪ್ರಮಾಣಪತ್ರಪ್ರಧಾನ: ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಲೆಂದು ಓದುವವನು. ಇ) ಕರೆಸಂಕೇತಮೋಹಿ: ಪರೀಕ್ಷೆಗೆ ಮೊದಲೇ ಬೈಕಿನ ಹಿಂದೆ ‘ವಿಯು3’ ಎಂದು ಬರೆಸಿ, ಮುಂದಿನ ಅಕ್ಷರಗಳಿಗೆ ಜಾಗ ಬಿಟ್ಟವನು. ಈ) ಮತ್ತು ಉ) ವರ್ಗಗಳಿಗೆ ಸಂಸ್ಕೃತದಲ್ಲಿ ಒಳ್ಳೆಯ ಹೆಸರುಗಳು ಸಿದ್ಧವಿದ್ದವು. ಆ ಹೆಸರಿಗೆ ತಕ್ಕ ಜನ ಸಿಗಲಿಲ್ಲ. ವರ್ಗೀಕರಣ ಇಲ್ಲಿಗೆ ಸಾಕು.

ಅಸಲಿಗೆ ಈ ಪರೀಕ್ಷೆಯಲ್ಲಿ ಇರುವುದೇನು? ಎರಡು ಭಾಗ. ಒಂದು ರೇಡಿಯೋ ವಿಜ್ಞಾನ: ಓಮ್‌ನ ನಿಯಮ, ಕೆಪಾಸಿಟರ್, ಕಾಯಿಲ್, ಎರಡೂ ಸೇರಿದರೆ ಆಗುವ ಅನುರಣನ, ರಿಸೀವರ್, ಆಂಟೆನಾ, ಅಯಾನುಗೋಳ. ಇನ್ನೊಂದು ನಿಯಮಾವಳಿ. ದೇಶದ ಹವ್ಯಾಸಿ ಸೇವೆಯ ನಿಯಮಗಳು 1978ರಲ್ಲಿ ಬಂದವು, ನಡುನಡುವೆ ತಿದ್ದುಪಡಿಯಾಗಿವೆ. ಯಾವ ಬ್ಯಾಂಡಿನಲ್ಲಿ ಎಷ್ಟು ವಾಟ್, ಲಾಗ್ ಪುಸ್ತಕದಲ್ಲಿ ಏನು ಬರೆಯಬೇಕು, ಏನು ಮಾತಾಡಬಾರದು ಎಂಬುದೆಲ್ಲ ಅದರಲ್ಲಿದೆ. ಗುಪ್ತ ಸಂಕೇತ ಕೂಡದು, ಹಾಡು ಹಾಕಕೂಡದು, ವ್ಯಾಪಾರದ ಮಾತು ಕೂಡದು. ಹೀಗಾಗಿ ಇಂಡಿಯ ಹ್ಯಾಮ್ ಒಬ್ಬ ಸಿಂದಗಿಯ ಹ್ಯಾಮ್‌ಗೆ ಮಳೆ ಬಂತೇ ಎಂದು ಕೇಳಬಹುದು, ಲಿಂಬೆಯ ರೇಟು ಕೇಳುವಂತಿಲ್ಲ.

12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಓಮ್‌ನ ನಿಯಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಮುದ್ದೇಬಿಹಾಳದ ಸರ್ಕಾರಿ ಹೈಸ್ಕೂಲಿನ ಹುಡುಗಿ ಅದರ ಲೆಕ್ಕವನ್ನು ಕನ್ನಡದಲ್ಲಿ ಸಲೀಸಾಗಿ ಬಿಡಿಸುತ್ತಾಳೆ. ಆಂಟೆನಾ ಲೆಕ್ಕವೂ ಅಂಥದ್ದೇ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧತರಂಗದ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಹೊಲದ ಬದುವಿನ ಎರಡು ಬೇವಿನ ಮರಗಳ ನಡುವೆ ಅದನ್ನು ಕಟ್ಟಿ, ನಟ್ಟನಡುವೆ ಕತ್ತರಿಸಿ ಅಲ್ಲಿಂದ ಕೇಬಲ್ ಇಳಿಸಿದರೆ ಮುಗಿಯಿತು. ಎತ್ತರ ಕಡಿಮೆಯಾದರೂ ಚಿಂತೆಯಿಲ್ಲ. ತರಂಗ ನೆಟ್ಟಗೆ ಮೇಲೇರಿ, ಇನ್ನೂರು–ಮುನ್ನೂರು ಕಿಲೋಮೀಟರ್ ಎತ್ತರದ ಅಯಾನು ಪದರಕ್ಕೆ ತಾಗಿ, ಸುತ್ತಲ ಜಿಲ್ಲೆಗಳ ಮೇಲೆ ಮಳೆಯಂತೆ ಇಳಿಯುತ್ತದೆ. ಟವರ್ ಬೇಡ, ಸಿಮ್ ಬೇಡ, ಕಾರಿನ ಬ್ಯಾಟರಿಯೊಂದು ಸಾಕು.

“ಕಿಸೆದಾಗ ಮೊಬೈಲ್ ಐತಿ, ಇದ್ಯಾಕ್ ಬೇಕೋ ತಮ್ಮಾ?”

“ಹೊಳಿ ಬಂದಾಗ ಬೇಕ್ರೀ ಕಾಕಾ.”

ಹೊಳೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕವೇ ಮುಳುಗಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಸರದಿ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ನೀರು ಹೊತ್ತು ಬಂದ ಭೀಮೆ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಕರೆಂಟ್ ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂಬುದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರ ಹ್ಯಾಮ್ ಸೆಟ್ಟುಗಳೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ಅದರ ಮರುವರ್ಷ, 2005ರ ಮೇ 5ರಂದು, ಇಸ್ರೋ ಹ್ಯಾಮ್‌ಗಳಿಗಾಗಿಯೇ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹ ಹಾರಿಸಿತು. ಒಂಬತ್ತು ವರ್ಷ ಅದು ಇಂಡಿಯ ಲಿಂಬೆ ತೋಟಗಳ ಮೇಲೂ ಹಾದುಹೋಯಿತು. ಕೆಳಗಿನಿಂದ ಕರೆಯುವವರು ಬೇಕಿತ್ತು.

ಇಲ್ಲಿ ಪ್ರಬಂಧದ ಶೈಲಿ ಕೆಡುತ್ತದೆ. ಕೆಡಲಿ. ಪರೀಕ್ಷೆ ನಡೆಯುವ ಕೇಂದ್ರ ಈ ನಾಲ್ಕು ತಾಲೂಕುಗಳಲ್ಲಿಲ್ಲ, ವಿಜಯಪುರದಲ್ಲೂ ಇಲ್ಲ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲೂ ಇಲ್ಲ. ಅಲ್ಲಿಯ ಹುಡುಗ ಬಸ್ ಹಿಡಿದು ವಿಜಯಪುರಕ್ಕೆ ಬಂದು, ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು, ಕೆಂಪು ಕಣ್ಣಲ್ಲಿ ಬೆಂಗಳೂರಿನಲ್ಲಿಳಿದು ಬಹುಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಬೇಕು. ನಿಯಮಗಳು ಗೆಜೆಟ್‌ನಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗುತ್ತವೆ. ಪಾಸಾದ ಮೇಲೂ ಪರವಾನಗಿಗಾಗಿ ತಿಂಗಳುಗಟ್ಟಲೆ ಕಾದವರ ಕಥೆ ಯಾವ ಹ್ಯಾಮ್‌ನನ್ನು ಕೇಳಿದರೂ ಸಿಗುತ್ತದೆ. ಕನ್ನಡದ ವಿದ್ವಾಂಸರೇನೂ ಕಡಿಮೆಯಿಲ್ಲ. ಕೆಪಾಸಿಟರ್ ಎಂದರೆ ತಿಳಿಯುವ ಹುಡುಗನಿಗೆ ‘ವಿದ್ಯುದ್ಧಾರಣ ಸಾಮರ್ಥ್ಯ ಸಾಧನ’ವೆಂದು ಹೇಳಿ ಹೆದರಿಸಿ, ಅದಕ್ಕೊಂದು ವಿಚಾರ ಸಂಕಿರಣ ನಡೆಸಿ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಆ ಸಂಕಿರಣದ ಖರ್ಚಿನಲ್ಲಿ ನಾಲ್ಕೂ ತಾಲೂಕುಗಳಿಗೆ ಒಂದೊಂದು ಸೆಟ್ ಬರುತ್ತಿತ್ತು.

ಆದ್ದರಿಂದ ಉಪಸಂಹಾರದ ಬದಲು ಒಂದು ಅರ್ಜಿ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ವಿಜಯಪುರದಲ್ಲಿ ನಡೆಯಲಿ, ಕನ್ನಡದಲ್ಲಿ ಬರೆಯುವ ಅವಕಾಶವಿರಲಿ. ಭೀಮೆ, ಕೃಷ್ಣೆಯ ದಂಡೆಯ ಹೈಸ್ಕೂಲುಗಳ ವಿಜ್ಞಾನದ ಮೇಷ್ಟ್ರುಗಳು ತಲಾ ಇಬ್ಬರು ಮಕ್ಕಳನ್ನಾದರೂ ಅದಕ್ಕೆ ಕೂರಿಸಲಿ. ಮುಂದಿನ ಮುಂಗಾರಿಗೆ ಮೊದಲೇ ಶುರುವಾದರೆ ಒಳ್ಳೆಯದು.