ನಿಮ್ಮ ಕೋಳಿ ನೆಪದಲ್ಲಿ

ಅಕ್ಕಾ, ನಿಮ್ಮ ಕರಿಕೋಳಿ ಇವತ್ತೂ ಆ ಮಾಸಲು ಹೇಂಟೆಯನ್ನು ಕುಕ್ಕಿ ಕುಕ್ಕಿ ಪಾಗಾರ ದಾಟಿಸಿತು ನೋಡಿ. ನೀವು ನುಚ್ಚಕ್ಕಿ ಎರಚಿದ್ದು ಅಂಗಳ ತುಂಬ, ಇದಕ್ಕೆ ಮಾತ್ರ ಒಂದು ಕಾಳಿಲ್ಲ. ಕುತ್ತಿಗೆಯ ಪುಕ್ಕ ಉದುರಿಸಿಕೊಂಡು ನಮ್ಮ ಬಸಳೆ ಚಪ್ಪರದಡಿ ಕೂತಿದೆ, ಪಾಪ.

ನಾರ್ವೆಯ ಶೆಲ್ಡರುಪ್-ಎಬ್ಬೆ ಅನ್ನುವವರು ಚಿಕ್ಕಂದಿನಿಂದ ಕೋಳಿಗಳನ್ನೇ ನೋಡುತ್ತ ಬೆಳೆದು, ಯಾವುದು ಯಾವುದನ್ನು ಕುಕ್ಕಬೇಕು ಅನ್ನುವುದಕ್ಕೂ ಅವುಗಳಲ್ಲಿ ಒಂದು ಸಾಲಿದೆ ಎಂದು 1920ರ ದಶಕದಲ್ಲಿ ಬರೆದರು. ಅದೇ ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಹುಡುಗರು ಜೀವ ಕಳೆದುಕೊಂಡಾಗ, ಜೊತೆಯ ಮಕ್ಕಳ ಕಾಟವೇ ಕಾರಣವಿರಬೇಕೆಂದು ಇಡೀ ದೇಶ ಎದ್ದು ಕೂತಿತು. ಅಲ್ಲಿದ್ದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್, ಕಾಟ ಅಂದರೆ ಏನು ಅಂತ ಹೇಳಿದ್ದು ಇಷ್ಟೇ: ಬೇಕೆಂದೇ, ಮತ್ತೆ ಮತ್ತೆ, ತಿರುಗಿ ಹೊಡೆಯಲಾರದವರ ಮೇಲೆ. ನಾವು ಗೋಳು ಹೊಯ್ಕೊಳ್ಳೋದು ಅಂತೀವಲ್ಲ, ಅದೇ ತಾನೇ?

ನಮ್ಮ ತರಗತಿಗೆ ಜಾಲಿ ಕಡಲ ದಂಡೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಅವನ ಮನೆಯಂಗಳದಲ್ಲಿ ಮೀನು ಒಣಗಿಸುತ್ತಿದ್ದರು. ಹಾಗಾಗಿ 'ಒಣಬಂಗಡೆ' ಅಂತ ಹೆಸರು ಬಿತ್ತು. ವಾಸನೆ ಬರಬಾರದೆಂದು ಆ ಮಗು ಅಂಗಿ ಜೇಬಿನಲ್ಲಿ ಸುರಗಿ ಹೂ ಇಟ್ಟುಕೊಂಡು ಬರತೊಡಗಿತು. ಬಾಡಿದಷ್ಟೂ ಘಮ ಬಿಡುವ ಹೂವು ಅದು, ಗೊತ್ತಲ್ಲ ನಿಮಗೆ. ಮರುದಿನದಿಂದ 'ಸುರಗಿ ಬಂಗಡೆ' ಆಯಿತು! ಹೆಸರಿಟ್ಟವನು ಒಬ್ಬ, ನಕ್ಕವರು ನಾವೆಲ್ಲ. ಆ ಒಬ್ಬನಿಗೆ ಬೇಕಾಗಿದ್ದೂ ನಮ್ಮ ನಗುವೇ ಅಂತ ಈಗ ಅನ್ನಿಸುತ್ತದೆ. ನಮ್ಮ ಕಡೆ ತಿರುಗಿ ನೋಡದೆ ಒಂದು ಸಲವೂ ಅವನು ಹಾಗೆ ಕೂಗಿದ್ದಿಲ್ಲ.

ಕಾಟ ಕೊಡುವವನು ಒಳಗೊಳಗೆ ಅಂಜುಬುರುಕ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಓಲ್ವೇಯಸ್ ಹುಡುಕಿ ನೋಡಿದರೆ ಹೆಚ್ಚಿನವರಲ್ಲಿ ಅಂಥ ಅಂಜಿಕೆಯೇ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಬ್ಬರನ್ನು ಅಡಿಯಾಳಾಗಿಸುವ ಆಸೆ, ಅದರಿಂದ ಸಿಗುವ ದೊಡ್ಡಸ್ತಿಕೆ, ಕೆಲವೊಮ್ಮೆ ಇನ್ನೊಬ್ಬನ ಬುತ್ತಿಯೋ ದುಡ್ಡೋ. ಪ್ರೀತಿ ಕಡಿಮೆ, ಪೆಟ್ಟು ಹೆಚ್ಚು ಇರುವ ಮನೆಯಲ್ಲಿ ಈ ಚಾಳಿ ಬೇಗ ಬೇರೂರುತ್ತದಂತೆ.

ಯಕ್ಷಗಾನದ ಕೀಚಕವಧೆ ಆಟಕ್ಕೆ ನಾವೆಲ್ಲ ಕಂಬಳಿ ಹೊದ್ದು ಹೋಗುತ್ತಿದ್ದದ್ದು ವಲಲನಿಗಾಗಿ. ಬೆಳಗಿನ ಜಾವದವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ, ನೆನಪಿದೆಯಾ? ಈಗ ನನ್ನನ್ನು ಕಾಡುವುದು ವಿರಾಟನ ಸಭೆ. ಕೀಚಕ ಸೈರಂಧ್ರಿಯನ್ನು ಅಲ್ಲೇ ಒದ್ದರೂ ರಾಜ ಕಮಕ್ ಕಿಮಕ್ ಅನ್ನಲಿಲ್ಲ. ಅವನಿಗೆ ಅಷ್ಟು ಧೈರ್ಯ ಬಂದದ್ದು ಆ ಮೌನದಿಂದಲೇ ಅಲ್ವಾ?

ಕೆನಡಾದಲ್ಲಿ ಶಾಲೆಯ ಆಟದ ಬಯಲನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿದರಂತೆ, ಆ ಅಧ್ಯಯನ 2001ರಲ್ಲಿ ಅಚ್ಚಾಯಿತು. ಜೊತೆಯ ಮಗು ಅಡ್ಡ ಬಂದಾಗ ನೂರಕ್ಕೆ 57 ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತ್ತು. ಹತ್ತು ಸೆಕೆಂಡು, ಮಾರಾಯ್ತಿ! ನಾವು ಇಡೀ ವರ್ಷ ನಕ್ಕಿದ್ದೆವು.

ಸಂಜೆ ನಿಮ್ಮ ಮೊಮ್ಮಗ ಶಾಲೆಯಿಂದ ಬಂದ ಮೇಲೆ ಕೇಳಿ ನೋಡಿ ಅಕ್ಕಾ, ತರಗತಿಯಲ್ಲಿ ಯಾರಿಗೆ ಅಡ್ಡಹೆಸರಿದೆ, ಅದನ್ನು ಕೂಗಿದಾಗ ನೀನೂ ನಗ್ತೀಯಾ ಅಂತ.