ತಡೀರಿ, ಮುಚ್ಚಳ ಮುಟ್ಟಬೇಡಿ!

ನಾಲ್ಕು ಜನ ಕನ್ನಡಿಗರು ನೆಲೆನಿಂತ ಯಾವ ಪರದೇಶಕ್ಕೆ ಹೋದರೂ ಅಲ್ಲೊಬ್ಬ ರುಚಿಪಂಡಿತ ಇದ್ದೇ ಇರುತ್ತಾನೆ. ಊರಿನಿಂದ ನೆಂಟರು ಬಂದರೆ ಉಳಿದವರು ಮಾಲ್ ತೋರಿಸುತ್ತಾರೆ, ಹೂದೋಟ ಸುತ್ತಿಸುತ್ತಾರೆ. ಇವನು “ಅದೆಲ್ಲ ಟೂರಿಸ್ಟುಗಳಿಗೆ” ಎಂದು ಮೂಗು ಮುರಿದು, ಎರಡು ಸಂದಿ ತಿರುಗಿದ ಮೇಲೆ ಸಿಗುವ ಹೋಟೆಲೊಂದಕ್ಕೆ ಎಳೆದುಕೊಂಡು ಹೋಗುತ್ತಾನೆ. ಹೋಟೆಲು ಆರಿಸಲು ಅವನದೇ ಒಂದು ಶಾಸ್ತ್ರವಿದೆ. ಎಸಿ ಇದ್ದರೆ ರುಚಿ ಇರುವುದಿಲ್ಲ. ಮೆನುವಿನಲ್ಲಿ ಫೋಟೋ ಇದ್ದರೆ ಅನುಮಾನ. ಮಾಲೀಕ ನಗುನಗುತ್ತಾ ಬರಮಾಡಿಕೊಂಡನೋ, ಅಲ್ಲಿ ಕಾಲಿಡಲೇಬಾರದು. ಗಿರಾಕಿಯನ್ನು ಗದರಿಸುವವನ ಕೈಯಲ್ಲೇ ಅಸಲಿ ಅಡುಗೆ ಎಂಬುದು ಅವನ ಸಿದ್ಧಾಂತ.

ನನ್ನ ಪಾಲಿಗೆ ಬಂದಿರುವ ಪಂಡಿತ ದೊಡ್ಡಮ್ಮನ ಮಗ, ಸಿಂಗಪುರದಲ್ಲಿ ಕಂಪ್ಯೂಟರ್ ಕೆಲಸ. ಮಿಕ್ಕ ವಿಷಯಗಳಲ್ಲಿ ಬಂಗಾರದಂಥ ಮನುಷ್ಯ. ಏರ್‌ಪೋರ್ಟಿಗೆ ಬರುತ್ತಾನೆ, ಸೂಟ್‌ಕೇಸು ಹೊರುತ್ತಾನೆ, ನಮ್ಮ ಫೋನಿಗೆ ಸಿಮ್ಮು ಹಾಕಿಸಿಕೊಡುತ್ತಾನೆ. ಊಟದ ಹೊತ್ತಾಯಿತೆಂದರೆ ಮಾತ್ರ ಆಸಾಮಿ ಬದಲಾಗುತ್ತಾನೆ.

ಈ ಸಲ ನಾವು ನನ್ನ ಮಾವನವರನ್ನೂ ಕರೆದುಕೊಂಡು ಹೋಗಿದ್ದೆವು. ಮಂಡ್ಯ ಕಡೆಯವರು. ಜೀವಮಾನವೆಲ್ಲ ಭತ್ತ ಬೆಳೆದವರು, ಸಕ್ಕರೆ ಕಾಯಿಲೆಯವರು, ಸಂಜೆ ಏಳೂವರೆಗೆ ತಟ್ಟೆ ಮುಂದೆ ಇರಲೇಬೇಕು. “ಇವತ್ತು ಚೈನಾಟೌನಲ್ಲಿ ಮಡಕೆ ಅನ್ನ. ಜೀವನದಲ್ಲಿ ಮರೆಯೋ ಹಾಗಿಲ್ಲ” ಎಂದ ಅಣ್ಣ. ಎರಡನೆಯ ಮಾತು ಸುಳ್ಳಾಗಲಿಲ್ಲ.

ದಾರಿಯಲ್ಲಿ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿ ಸಿಕ್ಕಿತು. 1827ರಲ್ಲಿ ಶುರುವಾದ ಗುಡಿ, ಸಿಂಗಪುರದ ಹಿಂದೂ ದೇವಸ್ಥಾನಗಳಲ್ಲೆಲ್ಲ ಹಳೆಯದು. ಮಾವನವರಿಗೆ ಅಲ್ಲೇ ಕೂತುಬಿಡುವ ಮನಸ್ಸು. ಪ್ರಸಾದವಾದರೂ ಸಿಗುತ್ತದಲ್ಲ! ಅಣ್ಣ ಬಿಡಲಿಲ್ಲ. ಹಳೆಯ ಅಂಗಡಿಮನೆಗಳ ಮುಂದಿನ ಜಗುಲಿಯಲ್ಲಿ ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋದ. ಜನ ಮಳೆ ಬಿಸಿಲಿಲ್ಲದೆ ಓಡಾಡಲೆಂದು ಪ್ರತಿ ಮನೆಯ ಮುಂದೂ ಇಂಥ ಜಗುಲಿ ಬಿಡಬೇಕೆಂದು ಈ ಊರಿಗೆ ಬುನಾದಿ ಹಾಕಿದ ರಾಫೆಲ್ಸ್ ಸಾಹೇಬ 1822ರಲ್ಲೇ ಕಟ್ಟಪ್ಪಣೆ ಮಾಡಿದ್ದನ್ನು ವಿವರಿಸಿದ. ಮಾವನವರು ಗಂಭೀರವಾಗಿ ಕೇಳಿಸಿಕೊಂಡು, “ಆ ಸಾಹೇಬ ಊಟಕ್ಕೆ ಎಷ್ಟೊತ್ಗೆ ಕೂರ್ತಿದ್ದ?” ಎಂದರು.

ಹೋಟೆಲು ಶಾಸ್ತ್ರಕ್ಕೆ ತಕ್ಕಂತೆಯೇ ಇತ್ತು. ಏಳೆಂಟು ಮೇಜು, ಪ್ಲಾಸ್ಟಿಕ್ ಸ್ಟೂಲು, ಗೋಡೆಗೊಂದು ಫ್ಯಾನು. ಖಾಲಿಯಿದ್ದ ಒಂದೇ ಮೇಜಿನ ಮೇಲೆ ಟಿಶ್ಯೂ ಪೇಪರಿನ ಪೊಟ್ಟಣ. ನಾನು ಕೂರಲು ಹೋದೆ, ಅಣ್ಣ ಕೈ ಹಿಡಿದು ಎಳೆದ. ಅಲ್ಲಿ ಪೊಟ್ಟಣ ಇಟ್ಟು ಹೋದರೆ ಜಾಗ ಹಿಡಿದ ಹಾಗಂತೆ, ನಮ್ಮ ಬಸ್ಸಿನ ಕಿಟಕಿಯಲ್ಲಿ ಟವೆಲ್ಲು ತೂರಿಸುವ ವ್ಯವಸ್ಥೆಯೇ. ಕೊನೆಗೆ ಸ್ಟೂಲು ಸಿಕ್ಕಿದ್ದು ಒಲೆಯ ಮಗ್ಗುಲಲ್ಲಿ. “ಇದು ಗ್ವಾಂಗ್‌ಡಾಂಗ್ ಕಡೆಯ ಅಡುಗೆ. ಹಾಂಗ್‌ಕಾಂಗಿನ ಟೆಂಪಲ್ ಸ್ಟ್ರೀಟಲ್ಲಿ ಚಳಿಗಾಲ ಬಂದರೆ ಜನ ಇದಕ್ಕೇ ಮುಗಿಬೀಳ್ತಾರೆ. ಮೈ ಬೆಚ್ಚಗಾಗುತ್ತೆ” ಎಂದ ಅಣ್ಣ. ಸಿಂಗಪುರ ಇರುವುದು ಭೂಮಧ್ಯರೇಖೆಯ ಪಕ್ಕದಲ್ಲಿ, ಅಲ್ಲಿ ಚಳಿಗಾಲವೆಂಬುದೇ ಇಲ್ಲ. ನಮ್ಮ ಮೈ ಬೆಚ್ಚಗಾಗುವುದಿರಲಿ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅಣ್ಣ ಮೆನು ನೋಡುವುದಿಲ್ಲ. ತನಗೆ ಬರುವ ನಾಲ್ಕು ಮಾತು ಕ್ಯಾಂಟೊನೀಸಿನಲ್ಲೇ ಆರ್ಡರ್ ಮಾಡುತ್ತಾನೆ. ಹೋಟೆಲಿನ ಆಂಟಿ ಎಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, “ಚಿಕನ್ನೋ, ಮಿಕ್ಸೋ?” ಎಂದಳು. ಮಿಕ್ಸಿನಲ್ಲಿ ಒಣಗಿಸಿದ ಹಂದಿ ಸಾಸೇಜು ಇರುತ್ತದೆಂದು ತಿಳಿದು ಮಾವನವರು ಬೇಡವೆಂದರು. ಅಣ್ಣನ ಮುಖ ಬಾಡಿತು. ಸಾಸೇಜಿನ ಜಿಡ್ಡು ಅನ್ನಕ್ಕೆ ಇಳಿಯದಿದ್ದರೆ ಅರ್ಧ ರುಚಿ ಹೋಯಿತಂತೆ. ಕೋಳಿ, ಅಣಬೆಗೆ ಒಪ್ಪಂದವಾಯಿತು. “ಮುಕ್ಕಾಲು ಗಂಟೆ” ಎಂದು ಆಂಟಿ ಹೊರಟುಹೋದಳು.

“ಅನ್ನಕ್ಕಾ?” ಎಂದರು ಮಾವನವರು. “ನಮ್ ಕಡೆ ಮುದ್ದೆ ತಿರುವಿ, ಸಾರು ಕಾಯ್ಸಿ, ಉಂಡು ಎಲೆ ಅಡಿಕೆ ಹಾಕ್ಕಂಡ್ರೂ ಅಷ್ಟೊತ್ ಆಗಕಿಲ್ಲ.”

ಮೊದಲೇ ಫೋನ್ ಮಾಡಿ ಹೇಳಿದ್ದರೆ ಹೋದ ತಕ್ಷಣ ಕೊಡುತ್ತಿದ್ದರೆಂಬುದು ಪಕ್ಕದ ಮೇಜಿನವರಿಂದ ತಿಳಿಯಿತು. ಅಣ್ಣನಿಗೆ ಗೊತ್ತಿತ್ತು. ಕಾಯದೆ ತಿಂದರೆ ಅದು ಊಟವೇ ಅಲ್ಲ ಎಂಬುದು ಅವನ ಮತ. ಅಷ್ಟರಲ್ಲಿ ಒಂದು ಸೊಪ್ಪಿನ ಪಲ್ಯವನ್ನಾದರೂ ತರಿಸೋಣವೆಂದರೆ, ಹಸಿವು ಕೆಡುತ್ತದೆ ಎಂದ. ಹಸಿವೂ ಕೆಡುವ ಪದಾರ್ಥವೆಂದು ನನಗೆ ಅಂದೇ ತಿಳಿದದ್ದು. ಚಹಾ ಬಂತು, ಕುಡಿಯಲು ಬಿಡಲಿಲ್ಲ. ಮೊದಲು ಆ ಬಿಸಿ ಚಹಾದಲ್ಲಿ ಬಟ್ಟಲು, ಚಮಚ ತೊಳೆಯಬೇಕು. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಲ್ಲಿ ಮೇಜು ತಟ್ಟಿ ಕೃತಜ್ಞತೆ ಹೇಳಬೇಕು. ಮಾವನವರು ತಟ್ಟಿದ್ದನ್ನು ನೋಡಿ ಆಂಟಿ ಓಡಿ ಬಂದಳು. ತಡವಾಯಿತೆಂದು ಮುದುಕರು ರೇಗಿದ್ದಾರೆ ಅಂದುಕೊಂಡಿರಬೇಕು. ಆ ಶಬ್ದದಲ್ಲಿ ಕೃತಜ್ಞತೆ ಕಡಿಮೆಯೇ ಇತ್ತು.

ಒಲೆಯ ಕಡೆ ತಿರುಗಿ ಕೂತೆ. ಸಾಲಾಗಿ ಇದ್ದಿಲ ಒಲೆಗಳು, ಒಂದೊಂದರ ಮೇಲೂ ತಂತಿ ಬಿಗಿದ ಮಣ್ಣಿನ ಮಡಕೆ. ತಂತಿ ಯಾಕೆಂದರೆ, ಬರೀ ಮಣ್ಣು ಬೆಂಕಿಗೆ ಬಿರುಕು ಬಿಡುತ್ತದೆ. ನೆನೆಸಿದ ಅಕ್ಕಿಯನ್ನು ಮಡಕೆಯಲ್ಲೇ ಬೇಯಲು ಇಟ್ಟು, ನೀರು ಇಂಗುವ ಹೊತ್ತಿಗೆ ಮಸಾಲೆಯಲ್ಲಿ ನೆನೆದ ಕೋಳಿ ತುಂಡುಗಳನ್ನು ಮೇಲೆ ಹರಡುತ್ತಾರೆ. ಆಮೇಲಿನದೇ ಕಸುಬು. ಮಡಕೆಯನ್ನು ಅಷ್ಟಷ್ಟೇ ವಾಲಿಸಿ, ತಿರುಗಿಸಿ, ಒಳಗಿನ ಅನ್ನ ಸುತ್ತಲೂ ಕೆಂಪಗೆ ಗರಿಯಾಗುವಂತೆ ಉರಿ ತಾಗಿಸಬೇಕು. ತುಸು ಮೈಮರೆತರೆ ಕರಿ. ಬನಿಯನ್ನಿನಲ್ಲಿದ್ದ ಮುದುಕರೊಬ್ಬರು ಅಷ್ಟೂ ಮಡಕೆಗಳನ್ನು ಮುಚ್ಚಳ ಎತ್ತದೆ, ಬರೀ ವಾಸನೆಯಲ್ಲೇ ಲೆಕ್ಕ ಇಟ್ಟುಕೊಂಡಿದ್ದರು.

ಕೊನೆಗೂ ಮಡಕೆ ಬಂತು. ಆಂಟಿ ಮುಚ್ಚಳ ತೆಗೆದು, ಕಪ್ಪು ಸೋಯಾ ಸಾಸು, ಎಣ್ಣೆ ಸುರಿದು ಮತ್ತೆ ಮುಚ್ಚಿದಳು. ಚುರ್ರೆಂದು ಎದ್ದ ಪರಿಮಳಕ್ಕೆ ಮಾವನವರ ಕೈ ತಾನಾಗಿ ಮುಂದೆ ಹೋಯಿತು.

“ಮಾವ, ತಡೀರಿ! ಮುಚ್ಚಳ ಮುಟ್ಟಬೇಡಿ!”

ಸಾಸು ಇಳಿಯಬೇಕು, ತಳ ಗರಿಯಾಗಬೇಕು, ಅದಕ್ಕೆ ಐದು ನಿಮಿಷ ಎಂದು ಫೋನಿನಲ್ಲಿ ಅಲಾರಂ ಇಟ್ಟ. ಇದ್ದಿಲಿಗೂ ಗ್ಯಾಸಿಗೂ ಇರುವ ವ್ಯತ್ಯಾಸ ಹೇಳಿದ. ಅಲಾರಂ ಹೊಡೆಯಿತು. ಈಗ ಫೋಟೋ. ಹಬೆ ಸರಿಯಾಗಿ ಬೀಳಲಿಲ್ಲವೆಂದು ಮುಚ್ಚಿ ಮತ್ತೆ ತೆಗೆದ. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ತಿಳಿದವನಂತೆ ತಲೆದೂಗಿ, “ಹೊಗೆ ವಾಸನೆ ಚೆನ್ನಾಗಿ ಹಿಡಿದಿದೆ ಅಲ್ವಾ ಅಣ್ಣ?” ಎಂದುಬಿಟ್ಟೆ. ಹೊಗೆಯ ಕುರಿತು ಪ್ರತ್ಯೇಕ ಉಪನ್ಯಾಸವಾಯಿತು. ಮಾವನವರು ನನ್ನನ್ನು ನೋಡಿದ ನೋಟ ಮದುವೆಯಾದಾಗಿನಿಂದ ಕಂಡದ್ದಲ್ಲ.

ರುಚಿಯ ವಿಷಯದಲ್ಲಿ ಮಾತ್ರ ಅವನ ಮಾತು ನಿಜ. ಎರಡು ತುತ್ತು ಹೋಗುತ್ತಲೇ ಮೇಜು ನಿಶ್ಶಬ್ದವಾಯಿತು. ಮಾವನವರು ಅಕ್ಕಿ ಬಾಯಲ್ಲಿಟ್ಟುಕೊಂಡು, “ಹೊಸಕ್ಕಿ ಅಲ್ಲ, ಹಳೇದು. ಅನ್ನ ಬಿಡಿಬಿಡಿಯಾಗಿ ಅದೆ” ಎಂದರು. ಅವರಿಗದು ದೊಡ್ಡ ಪ್ರಶಸ್ತಿ.

ಆಮೇಲೆ ತಳದ ಸರದಿ. ಇದೇ ಪರಮಾನ್ನ, ಇದಕ್ಕೇ ದುಡ್ಡು ಎಂದು ಅಣ್ಣ ಚಮಚದಲ್ಲಿ ಕೆರೆದ. ಏಳಲಿಲ್ಲ. ಬಲ ಹಾಕಿದ, ಚಮಚ ಬಾಗಿತು. ಅಲ್ಲಿಯವರೆಗೆ ಮಾತಾಡದೆ ಕೂತಿದ್ದ ಅತ್ತಿಗೆ ಮಡಕೆಯನ್ನು ತಮ್ಮ ಕಡೆ ಎಳೆದುಕೊಂಡು, ಅಂಚಿಗೆ ಒಂದಿಷ್ಟು ಬಿಸಿ ಚಹಾ ಬಿಟ್ಟು ಮುಚ್ಚಿದರು. ಆಮೇಲೆ ಚಮಚದ ಬೆನ್ನಿನಿಂದ ಒತ್ತಿದರು. ಕೆಂಪನೆಯ ಗರಿ ಅಂಗೈಯಗಲ ಎದ್ದು ಬಂತು.

“ಅರೆ! ಕ್ಯಾಂಟೊನೀಸರು ಮಾಡೋದೂ ಹೀಗೇ! ನಿನಗೆ ಯಾರು ಹೇಳಿಕೊಟ್ಟರು?” ಎಂದ ಅಣ್ಣ.

“ಮನೇಲಿ ತಳ ಹತ್ತಿದ ಅನ್ನ ಇಷ್ಟು ವರ್ಷ ಯಾರು ತಿಂತಿದ್ರು ಅಂದ್ಕೊಂಡಿದ್ದೀರಿ?” ಎಂದರು ಅತ್ತಿಗೆ.

ಅಣ್ಣನಿಗೆ ಅದು ತಾಗಲಿಲ್ಲ. ಗರಿಯ ಫೋಟೋ ತೆಗೆಯುತ್ತಿದ್ದ. ನನಗೆ ತಾಗಿತು. ನಮ್ಮ ಮನೆಗಳಲ್ಲಿ ಅನ್ನ ತಳ ಹತ್ತಿದ ದಿನ ಗಂಡಸರ ತಟ್ಟೆಗೆ ಮೇಲಿನದು ಬಂತು, ಜೊತೆಗೆ ನಾಲ್ಕು ಬೈಗುಳ ಒಳಗೆ ಹೋಯಿತು. ಪಾತ್ರೆ ಕೆರೆದವರ ಬಾಯಿಗೆ ಏನು ಹೋಯಿತೆಂದು ಯಾವ ಪಂಡಿತನೂ ವಿಚಾರಿಸಲಿಲ್ಲ. ಅದೇ ಅನ್ನಕ್ಕೆ ಪರದೇಶದಲ್ಲಿ ಡಾಲರು ಕೊಟ್ಟು, ಮುಕ್ಕಾಲು ಗಂಟೆ ಕಾದು, ಫೋಟೋ ಹಿಡಿದು ತಿನ್ನುವಾಗ ಮಾತ್ರ ನಮಗೆ ರುಚಿ ತಿಳಿಯುತ್ತದೆ.

ಹಾಗೆಂದು ಅವನನ್ನು ತೀರಾ ಹಳಿಯಲೂ ಮನಸ್ಸು ಬಾರದು. ಸಿಂಗಪುರದ ಬೀದಿ ಅಡುಗೆಯ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೆ ಆ ಅಡುಗೆ ಮಾಡುವವರ ವಯಸ್ಸು 60ರ ಆಸುಪಾಸು, ಮಕ್ಕಳು ಆಫೀಸು ಸೇರಿದ್ದಾರೆ. ಇದ್ದಿಲು ಬಿಟ್ಟು ಗ್ಯಾಸು ಹಿಡಿದವರೂ ಇದ್ದಾರೆ. ಬನಿಯನ್ನಿನ ಮುದುಕರು ಇನ್ನೂ ಒಲೆ ಹಚ್ಚುತ್ತಿದ್ದರೆ ಅದು ಅಣ್ಣನಂಥ ಹುಚ್ಚರು ಕಾಯುವುದರಿಂದ. ನಮ್ಮಂಥವರನ್ನು ನಂಬಿದ್ದರೆ ಎಂದೋ ಮುಚ್ಚಿ ಹೋಗುತ್ತಿದ್ದರು.

ನಿಮಗೂ ಇಂಥ ಪಂಡಿತ ಸಿಕ್ಕಿದರೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಹೋಗುವ ಮುಂಚೆ ಏನಾದರೂ ಬಾಯಿಗೆ ಹಾಕಿಕೊಂಡಿರಿ, ಅಷ್ಟೆ. ನನ್ನ ಹೆಂಡತಿಗೆ ಗುಟ್ಟಾಗಿ ತಿಳಿದ ಪ್ರಕಾರ, ಅಣ್ಣ ಮಡಕೆ ಅನ್ನದ ಮಾತೆತ್ತಿದ ದಿನ ಅತ್ತಿಗೆ ಎರಡು ಚಪಾತಿ ತಿಂದೇ ಹೊಸಿಲು ದಾಟುವುದಂತೆ.